ಲೆಕ್ಕದ ಅರಿವು ಮತ್ತು ಶ್ರಾವಕಧರ್ಮ

ಶ್ರಾವಕನಿಗೆ ವಿಹಿತವಾದ ಚತುರ್ವಿಧ ದಾನಗಳಲ್ಲಿ ಆಹಾರ, ಔಷಧ, ಅಭಯಗಳೊಡನೆ ಶಾಸ್ತ್ರದಾನಕ್ಕೂ ಸಮಾನ ಸ್ಥಾನವಿದೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿಯನ್ನು ಅರಿಯದ ಜೈನ ಮನೆತನ ಕರ್ನಾಟಕದಲ್ಲಿ ವಿರಳ. ಶಾಸ್ತ್ರದಾನವೆಂದರೆ ಧರ್ಮಗ್ರಂಥಗಳ ದಾನವೆಂದೇ ರೂಢಿಯಾಗಿದೆ. ಆದರೆ ಅಸಲು, ಬಡ್ಡಿ, ತೂಕ, ಅಳತೆ, ಲಾಭ, ನಷ್ಟಗಳ ತಿಳಿವನ್ನು ಅರಿಯದವರಿಗೆ ಕಲಿಸುವ ಕಾರ್ಯಕ್ಕೆ ಶ್ರಾವಕಧರ್ಮದಲ್ಲಿ ಯಾವ ಸ್ಥಾನವಿದೆ? ಕಾಲೇಜು ವಿದ್ಯಾರ್ಥಿಗಳು ಹಳ್ಳಿಗಳಿಗೂ ಕೇರಿಗಳಿಗೂ ಹೋಗಿ ಉಳಿತಾಯ, ಸಾಲ, ಸ್ವಂತ ಉದ್ಯೋಗಗಳ ವಿಷಯವನ್ನು ತಿಳಿಯಹೇಳುವ ಪ್ರಯತ್ನಗಳು ನಡೆಯುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆ ನಮ್ಮ ಕುಟುಂಬಗಳಿಗೂ ಬಸದಿಗಳ ಆಡಳಿತ ಮಂಡಳಿಗಳಿಗೂ ಎದುರಾಗುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ಇತಿಹಾಸದಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಸಾಕಷ್ಟಿದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದ ಈ ಪ್ರದೇಶಕ್ಕೆ 2025ರಲ್ಲಿ ರಾಜ್ಯ ಸರ್ಕಾರವು ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ನೀಡಿತು.

ಕಲ್ಯದ ವರ್ತಕ

ಮಾಗಡಿ ತಾಲ್ಲೂಕಿನ ಕಲ್ಯ ಇಂದು ಒಂದು ಸಾಮಾನ್ಯ ಗ್ರಾಮ. ಹದಿನಾಲ್ಕನೆಯ ಶತಮಾನದಲ್ಲಿ ಅದು ಕಲ್ಲೆಹವೆಂಬ ಹೆಸರಿನ ಪಟ್ಟಣವಾಗಿತ್ತು. ಜೈನ ವರ್ತಕರ ನೆಲೆಯಾಗಿತ್ತು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮತ್ತು ಕಲ್ಲೆಹದ ಪಟ್ಟಣಗಳನ್ನು ಒಳಗೊಂಡ ನಾಡುಗಳ ಭವ್ಯಜನರು ವಿಜಯನಗರದ ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡರು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ರಾಯನು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಸಂಧಾನ ಮಾಡಿದ ಪ್ರಸಂಗ ಶ್ರವಣಬೆಳಗೊಳದ ಶಾಸನದಿಂದ ಪ್ರಸಿದ್ಧವಾಗಿದೆ. ಅದೇ ಒಪ್ಪಂದವನ್ನು ಸಾರುವ ಶಾಸನ ಕಲ್ಯದಲ್ಲಿಯೂ ದೊರೆತಿದೆ.

ಈ ಶಾಸನವನ್ನು ಮತಸಾಮರಸ್ಯಕ್ಕೆ ನಿದರ್ಶನವಾಗಿ ಉಲ್ಲೇಖಿಸುವುದು ವಾಡಿಕೆ. ಅದರ ಉತ್ತರಾರ್ಧದಲ್ಲಿ ಒಂದು ಹಣಕಾಸಿನ ಏರ್ಪಾಡೂ ಇದೆ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ರಾಜ್ಯದ ಪ್ರತಿಯೊಂದು ಜೈನ ಮನೆಯೂ ವರ್ಷಕ್ಕೆ ಒಂದು ಹಣವನ್ನು ಕೊಡತಕ್ಕದ್ದು. ಆ ಮೊತ್ತದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷಣೆಗಾಗಿ ಇಪ್ಪತ್ತು ಮಂದಿ ಆಳುಗಳನ್ನು ನೇಮಿಸತಕ್ಕದ್ದು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸತಕ್ಕದ್ದು ಎಂಬುದು ಅದರ ಸಾರ. ಹಣ ಯಾರಿಂದ ಬರಬೇಕು, ಎಷ್ಟು ಬರಬೇಕು, ಯಾರ ಕೈಯಲ್ಲಿರಬೇಕು, ಯಾವುದಕ್ಕೆ ವೆಚ್ಚವಾಗಬೇಕು, ಉಳಿದದ್ದು ಎಲ್ಲಿ ಹೋಗಬೇಕು ಎಂಬ ಐದು ಸಂಗತಿಗಳೂ ಎಲ್ಲರೂ ನೋಡುವಂತೆ ಕಲ್ಲಿನ ಮೇಲೆ ಬರೆಯಲ್ಪಟ್ಟವು. ಜೈನರ ಹಣದ ನಿರ್ವಹಣೆಯನ್ನು ಜೈನನಲ್ಲದ ತಾತಯ್ಯನಿಗೆ ಒಪ್ಪಿಸಿದ್ದೂ ವಿಚಾರಾರ್ಹವಾಗಿದೆ. ಲೆಕ್ಕ ಸ್ಪಷ್ಟವಾಗಿದ್ದಲ್ಲಿ ಮತಭೇದವಿದ್ದರೂ ವಿಶ್ವಾಸಕ್ಕೆ ಎಡೆಯಿರುತ್ತದೆ. ಮುಂದೆ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ರಾಯನಿಗೆ ಬಿನ್ನವಿಸಿ, ತಾತಯ್ಯನನ್ನು ಕರೆಯಿಸಿ, ಈ ಧರ್ಮವನ್ನು ಜೀರ್ಣೋದ್ಧಾರ ಮಾಡಿಸಿದನು. ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು. ಮಾಗಡಿ ಸೀಮೆಯ ಒಬ್ಬ ವರ್ತಕನಿಗೆ ಎರಡು ಮತದವರೂ ಕೂಡಿ ನೀಡಿದ ಗೌರವ ಇದು.

ವ್ಯವಹಾರಗಣಿತದ ಪರಂಪರೆ

ವ್ಯವಹಾರದ ಲೆಕ್ಕವನ್ನು ಕಲಿಸುವುದು ಜೈನ ವಿದ್ವಾಂಸರಿಗೆ ಹೊಸದಾಗಿರಲಿಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದ ಮಿಶ್ರಕವ್ಯವಹಾರವೆಂಬ ಭಾಗದಲ್ಲಿ ಅಸಲು, ಬಡ್ಡಿ, ಅವಧಿಗಳನ್ನು ಕಂಡುಹಿಡಿಯುವ ಕ್ರಮಗಳಿವೆ. ಸಾಲವನ್ನು ಕಂತುಗಳಲ್ಲಿ ತೀರಿಸುವ ಲೆಕ್ಕಗಳೂ ಇವೆ. ಹನ್ನೆರಡನೆಯ ಶತಮಾನದ ಜೈನ ಕವಿ ರಾಜಾದಿತ್ಯನು ಈ ವಿದ್ಯೆಯನ್ನು ಕನ್ನಡಕ್ಕೆ ತಂದನು. ಅವನ ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ ಮುಂತಾದ ಕೃತಿಗಳು ಕನ್ನಡದ ಗಣಿತ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದುವು. ಸಂಸ್ಕೃತ ಬಲ್ಲವರಲ್ಲಿ ಮಾತ್ರ ಉಳಿಯಬಹುದಾಗಿದ್ದ ಲೆಕ್ಕವನ್ನು ನಾಡಿನ ನುಡಿಯಲ್ಲಿ ಹೇಳಿದ್ದು ಅವನ ಹಿರಿಮೆ.

ಈ ವಿದ್ಯೆಗೆ ಧರ್ಮದ ಕಟ್ಟುಪಾಡೂ ಇತ್ತು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ, ಕೊಳ್ಳುವಾಗ ಹೆಚ್ಚು ತೂಗಿ ಮಾರುವಾಗ ಕಡಿಮೆ ತೂಗುವುದನ್ನೂ, ಒಳ್ಳೆಯ ಸರಕಿಗೆ ಕಳಪೆಯನ್ನು ಬೆರೆಸುವುದನ್ನೂ ಸೇರಿಸಲಾಗಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದು ಇನ್ನೂ ಸೂಕ್ಷ್ಮವಾದದ್ದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸಿರುವ ರೀತಿಯನ್ನು ಪ್ರತಿಯೊಬ್ಬ ವರ್ತಕನೂ ನೆನಪಿನಲ್ಲಿಡಬೇಕು. ಒಬ್ಬನು ತನ್ನ ಹಣವನ್ನು ಇನ್ನೊಬ್ಬನಲ್ಲಿ ಇರಿಸಿ, ಕಾಲಾಂತರದಲ್ಲಿ ಮೊತ್ತವನ್ನು ಮರೆತು, ಕಡಿಮೆ ಹಣವನ್ನು ಕೇಳುತ್ತಾನೆ. ಇಟ್ಟುಕೊಂಡವನು ಹಾಗೆಯೇ ಆಗಲೆಂದು ಅಷ್ಟನ್ನೇ ಕೊಟ್ಟು ಕಳುಹಿಸುತ್ತಾನೆ. ಅವನು ಕದಿಯಲಿಲ್ಲ, ಬಲಾತ್ಕರಿಸಲಿಲ್ಲ; ಕೇಳಿದಷ್ಟನ್ನು ಕೊಟ್ಟನು. ಆದರೂ ವ್ರತಕ್ಕೆ ದೋಷ ತಟ್ಟುತ್ತದೆ. ಎದುರಿನವನಿಗೆ ಲೆಕ್ಕ ತಿಳಿಯದಿರುವುದರಿಂದ ಲಾಭ ಪಡೆಯುವುದು ಸತ್ಯಕ್ಕೆ ಭಂಗ ಎಂಬುದೇ ಇದರ ತಾತ್ಪರ್ಯ. ಲೆಕ್ಕ ಬಲ್ಲವನಿಗೆ ಲೆಕ್ಕ ಅರಿಯದವನ ವಿಷಯದಲ್ಲಿ ಒಂದು ಹೊಣೆಯಿದೆ ಎಂದು ಇದರಿಂದ ಸಿದ್ಧವಾಗುತ್ತದೆ.

ಗೂಡು, ಗೊಂಬೆ ಮತ್ತು ಸಾಲ

ರಾಮನಗರ ಮತ್ತು ಕನಕಪುರದ ಸೀಮೆ ರೇಷ್ಮೆಯ ನಾಡು. ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾಗಿದೆ. ಗೂಡಿನ ಮಾರಾಟವನ್ನು ಬಹಿರಂಗ ಹರಾಜಿಗೆ ಒಳಪಡಿಸುವ ವ್ಯವಸ್ಥೆಗೆ 1959ರ ರೇಷ್ಮೆ ಕಾಯಿದೆ ಆಧಾರವಾಯಿತು. ರೈತನು ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಗೂಡನ್ನು ತಂದು ಸುರಿಯುತ್ತಾನೆ. ನೂಲು ಬಿಚ್ಚಾಣಿಕೆದಾರರು ಬೆಲೆ ಕೂಗುತ್ತಾರೆ. ತೂಕ, ಚೀಟಿ, ಹಣ ಒಂದರ ಹಿಂದೊಂದು ನಡೆಯುತ್ತವೆ. ಇತ್ತೀಚಿನ ವರ್ಷಗಳಲ್ಲಿ ವಿದ್ಯುನ್ಮಾನ ಹರಾಜು ಬಂದಿದೆ. ಇಷ್ಟಾದರೂ ಬಿಚ್ಚಾಣಿಕೆದಾರನ ಬದುಕು ಸೂಕ್ಷ್ಮವಾದ ಲೆಕ್ಕದ ಮೇಲೆ ನಿಂತಿದೆ. ಉದಾಹರಣೆಗೆ ಗೂಡಿನ ಬೆಲೆ ಕಿಲೋಗೆ 500 ರೂಪಾಯಿ ಇದ್ದು, ಒಂದು ಕಿಲೋ ನೂಲಿಗೆ ಏಳು ಕಿಲೋ ಗೂಡು ಹಿಡಿಯುವ ಕಡೆ ಎಂಟು ಕಿಲೋ ಹಿಡಿದರೆ, ನೂಲಿನ ಅಸಲು ಒಮ್ಮೆಗೇ 500 ರೂಪಾಯಿ ಏರುತ್ತದೆ. ಸೌದೆ, ಕೂಲಿ, ಬಡ್ಡಿಗಳ ವೆಚ್ಚ ಇದರ ಮೇಲೆ ಬರುತ್ತದೆ. ಈ ಲೆಕ್ಕವನ್ನು ಬರೆದಿಡದವನಿಗೆ ನಷ್ಟ ತಿಳಿಯುವ ಹೊತ್ತಿಗೆ ಬಂಡವಾಳ ಕರಗಿರುತ್ತದೆ.

ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳಿಗೆ 2005–06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮಾನ್ಯತೆಯಿಂದ ಹೆಸರು ಉಳಿಯಿತು. ಆದರೆ ಮನೆಯಲ್ಲಿ ಕುಳಿತು ಗೊಂಬೆ ಕಡೆಯುವವನು ತನ್ನ ದಿನದ ದುಡಿಮೆಗೆ, ಮರಕ್ಕೆ, ಅರಗಿಗೆ, ವಿದ್ಯುತ್ತಿಗೆ ಬೆಲೆ ಕಟ್ಟಿ ಮಾರುವುದನ್ನು ಅರಿಯದಿದ್ದರೆ ಹೆಸರಿನ ಲಾಭ ಅಂಗಡಿಯವನಿಗೆ ಸೇರುತ್ತದೆ.

ಲೆಕ್ಕದ ಅರಿವಿಲ್ಲದೆ ಹಣ ಹರಿದುಬಂದರೆ ಏನಾಗುತ್ತದೆ ಎಂಬುದನ್ನು ರಾಮನಗರ 2009ರಲ್ಲಿ ಕಂಡಿತು. ಅದಕ್ಕೆ ಹಿಂದಿನ ಕೆಲವು ವರ್ಷಗಳಲ್ಲಿ ಹಲವು ಕಿರುಸಾಲ ಸಂಸ್ಥೆಗಳು ಪಟ್ಟಣದ ಕೇರಿಗಳಿಗೆ ಬಂದು, ರೇಷ್ಮೆ ಕೆಲಸದ ಹೆಣ್ಣುಮಕ್ಕಳಿಗೆ ಗುಂಪು ಜಾಮೀನಿನ ಮೇಲೆ ಸಾಲ ಕೊಟ್ಟಿದ್ದವು. ಒಂದೇ ಮನೆಗೆ ಮೂರು ನಾಲ್ಕು ಸಂಸ್ಥೆಗಳ ಸಾಲ ಸೇರಿತು. ಒಂದರ ಕಂತನ್ನು ಇನ್ನೊಂದರ ಸಾಲದಿಂದ ತೀರಿಸುವ ಪದ್ಧತಿ ಬೆಳೆಯಿತು. ರೇಷ್ಮೆಯ ವ್ಯಾಪಾರ ಕುಗ್ಗಿದಾಗ ಕಂತು ನಿಂತಿತು, ವಸೂಲಿಯ ಒತ್ತಡ ಹೆಚ್ಚಿತು. ಕೊನೆಗೆ ಮುಸ್ಲಿಂ ಸಮುದಾಯದ ಸ್ಥಳೀಯ ಸಮಿತಿಗಳು ಸಾಲವನ್ನು ಮರಳಿಸಬೇಡಿರೆಂದು ಕರೆಕೊಟ್ಟವು. ಕೋಲಾರ, ಶಿಡ್ಲಘಟ್ಟ, ಮೈಸೂರುಗಳಲ್ಲಿಯೂ ಹೀಗೆಯೇ ಆಗಿ ಮರುಪಾವತಿ ಕುಸಿಯಿತು. ವಿದೇಶದ ಪತ್ರಿಕೆಗಳೂ ರಾಮನಗರದ ಹೆಸರನ್ನು ಬರೆದವು.

ಇದರಲ್ಲಿ ಕೊಟ್ಟವರ ಅವಸರವೂ ಇತ್ತು, ಕೊಂಡವರ ಅಗತ್ಯವೂ ಇತ್ತು. ಇಬ್ಬರ ನಡುವೆ ಇರಬೇಕಾಗಿದ್ದ ತಿಳಿವು ಇರಲಿಲ್ಲ. ಹತ್ತು ಸಾವಿರ ರೂಪಾಯಿ ಸಾಲಕ್ಕೆ ನೂರಕ್ಕೆ ಹನ್ನೆರಡರಂತೆ ವರ್ಷಕ್ಕೆ 1,200 ರೂಪಾಯಿ ಬಡ್ಡಿ ಎಂದು ಹೇಳಿ, ಹನ್ನೆರಡು ಸಮ ಕಂತುಗಳಲ್ಲಿ ವಸೂಲು ಮಾಡಿದರೆ, ಕೇಳುವವರಿಗೆ ಬಡ್ಡಿ ಶೇಕಡಾ 12 ಎಂದೇ ತೋರುತ್ತದೆ. ಅಸಲು ತಿಂಗಳಿನಿಂದ ತಿಂಗಳಿಗೆ ಇಳಿಯುತ್ತಿದ್ದರೂ ಬಡ್ಡಿ ಮೊದಲಿನ ಮೊತ್ತದ ಮೇಲೆಯೇ ನಿಂತಿರುವುದರಿಂದ ನಿಜವಾದ ದರ ಶೇಕಡಾ 21ಕ್ಕೂ ಮಿಗಿಲಾಗುತ್ತದೆ. ಮಹಾವೀರಾಚಾರ್ಯರ ಶಿಷ್ಯರಿಗೆ ಇದು ಒಂದು ಅಭ್ಯಾಸದ ಲೆಕ್ಕವಾದೀತು. ಗೂಡು ಬೇಯಿಸುವ ಒಲೆಯ ಮುಂದೆ ದುಡಿಯುವ ತಾಯಿಗೆ ಅದನ್ನು ಹೇಳಿಕೊಟ್ಟವರು ಯಾರು?

ಮುಂದೆ ಸರ್ಕಾರದ ನಿಯಮಗಳು ಬಂದವು. 2010ರ ಆಂಧ್ರಪ್ರದೇಶದ ಬಿಕ್ಕಟ್ಟಿನ ಬಳಿಕ ಮಾಲೇಗಾಂ ಸಮಿತಿಯ ವರದಿಯ ಮೇಲೆ ರಿಸರ್ವ್ ಬ್ಯಾಂಕು ಕಿರುಸಾಲ ಸಂಸ್ಥೆಗಳಿಗೆ ಮಿತಿಗಳನ್ನು ವಿಧಿಸಿತು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ, ವಾರ್ಷಿಕ ವರಮಾನ ಮೂರು ಲಕ್ಷ ರೂಪಾಯಿಯವರೆಗಿನ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಅದರ ಮಾಸಿಕ ವರಮಾನದ ಅರ್ಧವನ್ನು ಮೀರಬಾರದು. ಸಾಲದ ಚೀಟಿ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಹೀಗಿದ್ದೂ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಚೀಟಿ ಕನ್ನಡದಲ್ಲಿದ್ದರೂ ಅದನ್ನು ಓದಿ ಲೆಕ್ಕ ಹಾಕುವ ಅಭ್ಯಾಸವಿಲ್ಲದವರಿಗೆ ನಿಯಮದ ಪೂರ್ಣ ಫಲ ದೊರೆಯದು.

ವಿದ್ಯಾರ್ಥಿಗಳ ಪಾತ್ರ

ಸಾಲಕ್ಕೂ ಸ್ವಂತ ಉದ್ಯೋಗಕ್ಕೂ ಶಿಕ್ಷಣವನ್ನು ಜೋಡಿಸುವ ಕಾರ್ಯ ಕರ್ನಾಟಕದಲ್ಲಿ ಹಳೆಯದು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಪತ್ತಿನ ಸಂಘ ಇದಕ್ಕೆ ಮೊದಲ ಮೇಲ್ಪಂಕ್ತಿ. ನಮ್ಮ ಸಮಾಜದವರಾದ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ಸ್ಥಾಪಿಸಿದ ರಯತ್ ಶಿಕ್ಷಣ ಸಂಸ್ಥೆ ದುಡಿಯುತ್ತ ಕಲಿಯುವ ಕ್ರಮವನ್ನು ಮಹಾರಾಷ್ಟ್ರದ ಬಡ ಮಕ್ಕಳಿಗೆ ತೆರೆಯಿತು. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಕರಿಗೆ ಊಟ ವಸತಿಯೊಡನೆ ಉಚಿತವಾಗಿ ತರಬೇತಿ ನೀಡಿತು. ಅದೇ ಮಾದರಿಯನ್ನು 2009ರಲ್ಲಿ ಕೇಂದ್ರ ಸರ್ಕಾರವು ದೇಶದ ಜಿಲ್ಲೆಗಳಿಗೆ ವಿಸ್ತರಿಸಲು ಕೈಗೊಂಡಿತು. ಶ್ರಾವಕ ಮನೆತನವೊಂದು ಆರಂಭಿಸಿದ ಕಾರ್ಯ ರಾಷ್ಟ್ರದ ಕಾರ್ಯವಾದುದು ಅಭಿಮಾನಾಸ್ಪದ.

ವಿದ್ಯಾರ್ಥಿಗಳನ್ನು ಸಮಾಜದ ಬಳಿಗೆ ಕಳುಹಿಸುವ ಮಾರ್ಗವೂ ಸಿದ್ಧವಾಗಿದೆ. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳ ನಲವತ್ತು ಸಾವಿರ ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಸ್ವಯಂಸೇವಕನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಸೇವೆ ಸಲ್ಲಿಸಬೇಕು. ಏಳು ದಿನ ಹಳ್ಳಿಯಲ್ಲಿ ಶಿಬಿರವಾಸ ಮಾಡಬೇಕು. 1986ರಲ್ಲಿ ಈ ವಿದ್ಯಾರ್ಥಿಗಳನ್ನೇ ವಯಸ್ಕರಿಗೆ ಅಕ್ಷರ ಮತ್ತು ಎಣಿಕೆ ಕಲಿಸುವ ಕಾರ್ಯಕ್ಕೆ ತೊಡಗಿಸಲಾಯಿತು. ಕನಕಪುರದ ರೂರಲ್ ಕಾಲೇಜು, ರಾಮನಗರ, ಚನ್ನಪಟ್ಟಣ, ಮಾಗಡಿಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು, ಜಕ್ಕಸಂದ್ರದಲ್ಲಿ ಆವರಣ ಹೊಂದಿರುವ ಜೈನ್ ವಿಶ್ವವಿದ್ಯಾಲಯ ಮೊದಲಾದ ವಿದ್ಯಾಸ್ಥಾನಗಳು ಈ ಸೀಮೆಯಲ್ಲಿವೆ. ವಾಣಿಜ್ಯ ಓದುವ ವಿದ್ಯಾರ್ಥಿ ಪರೀಕ್ಷೆಗಾಗಿ ಕಲಿತ ಜಮಾ ಖರ್ಚಿನ ಪಾಠವನ್ನು ತನ್ನೂರಿನ ಗೊಂಬೆ ಕಡೆಯುವವನಿಗೆ ಹೇಳಿಕೊಡುವಾಗ ಅದರ ಅರ್ಥವನ್ನು ತಾನೂ ಹೊಸದಾಗಿ ಕಲಿಯುತ್ತಾನೆ. ಎಷ್ಟೋ ವೇಳೆ ಆ ಕುಶಲಕರ್ಮಿಯೇ ಬಾಯಿಲೆಕ್ಕದಲ್ಲಿ ವಿದ್ಯಾರ್ಥಿಗಿಂತ ಚುರುಕಾಗಿರುತ್ತಾನೆ. ಆದ್ದರಿಂದ ಕಲಿಸುವವನಲ್ಲಿ ವಿನಯವಿರಬೇಕು.

ಧರ್ಮಸಂಕಟಗಳು

ಜೈನ ಕುಟುಂಬದ ವಿದ್ಯಾರ್ಥಿಗೆ ಈ ಕಾರ್ಯದಲ್ಲಿ ಎರಡು ಧರ್ಮಸಂಕಟಗಳು ಎದುರಾಗುತ್ತವೆ. ಅವುಗಳನ್ನು ಮರೆಮಾಚದೆ ಹೇಳುವುದು ಲೇಸು.

ಮೊದಲನೆಯದು ಅಹಿಂಸೆಗೆ ಸಂಬಂಧಿಸಿದ್ದು. ನೂಲು ತೆಗೆಯಲು ಗೂಡಿನೊಳಗಿನ ಜೀವವನ್ನು ಬೇಯಿಸಲಾಗುತ್ತದೆ. ಗೊಂಬೆಗೆ ಹಚ್ಚುವ ಅರಗು ಕೂಡ ಕೀಟಜನ್ಯವಾದದ್ದು; ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ವರ್ಜ್ಯವೆಂದು ಎಣಿಸಿದ ಹದಿನೈದು ವೃತ್ತಿಗಳಲ್ಲಿ ಲಾಕ್ಷಾವಾಣಿಜ್ಯವೂ ಸೇರಿದೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಆಸ್ರವಕ್ಕೆ ಕಾರಣವೆಂದಿರುವಾಗ, ಇಂಥ ವೃತ್ತಿಯವರಿಗೆ ಲೆಕ್ಕ ಕಲಿಸುವುದು ಅನುಮೋದನೆಯಾಗದೆ? ಈ ಶಂಕೆ ನ್ಯಾಯವಾದದ್ದೇ. ಇಲ್ಲಿ ವಿವೇಕದಿಂದ ಎರಡು ಕಾರ್ಯಗಳನ್ನು ಬೇರ್ಪಡಿಸಬೇಕು. ಬಿಚ್ಚಾಣಿಕೆಯ ಯಂತ್ರಗಳನ್ನು ಹೆಚ್ಚಿಸಿರೆಂದು ಪ್ರೇರೇಪಿಸುವುದು ಆ ಉದ್ಯಮದ ಅನುಮೋದನೆಯೇ ಸರಿ. ವ್ರತಧಾರಿಯಾದ ಶ್ರಾವಕನು ಅದರಿಂದ ದೂರವಿರಬೇಕು. ಆದರೆ ಅದೇ ಮನೆಯ ತಾಯಿಗೆ ಸಾಲದ ಚೀಟಿಯನ್ನು ಓದಲು, ಕಂತನ್ನು ವರಮಾನದೊಡನೆ ತೂಗಿನೋಡಲು, ವಾರಕ್ಕೆ ಇಷ್ಟೆಂದು ಉಳಿಸಲು ಕಲಿಸುವುದು ಅವಳನ್ನು ಭಯದಿಂದ ಬಿಡಿಸುವ ಕಾರ್ಯ. ಅದು ಅಭಯದಾನಕ್ಕೆ ಸಮೀಪವಾದದ್ದು. ಸಾಲದ ಸುಳಿಯಲ್ಲಿರುವವನಿಗೆ ವೃತ್ತಿಯನ್ನು ಬದಲಿಸುವ ಸ್ವಾತಂತ್ರ್ಯವೇ ಇರುವುದಿಲ್ಲ. ಋಣದಿಂದ ಬಿಡುಗಡೆ ಹೊಂದಿದವನು ಹೊಲಿಗೆ, ಧಾನ್ಯಗಳ ಹಿಟ್ಟು, ಪುಸ್ತಕ ಕಟ್ಟುವಿಕೆ ಮುಂತಾದ ಅಲ್ಪಾರಂಭದ ಉದ್ಯೋಗಗಳನ್ನು ಕುರಿತು ಯೋಚಿಸಬಲ್ಲನು.

ಎರಡನೆಯ ಸಂಕಟ ಮನೆಯೊಳಗಿನದು. ಈ ಪಟ್ಟಣಗಳೂ ಸೇರಿದಂತೆ ನಾಡಿನಾದ್ಯಂತ ನಮ್ಮ ಸಮಾಜದ ಅನೇಕರು ಜವಳಿ, ಚಿನ್ನ ಬೆಳ್ಳಿ, ಗಿರವಿಗಳ ವ್ಯವಹಾರದಲ್ಲಿದ್ದಾರೆ. ಇದು ಕಾನೂನಿಗೆ ಒಳಪಟ್ಟ ವೃತ್ತಿ. ಲೇವಾದೇವಿದಾರರಿಗೂ ಗಿರವಿದಾರರಿಗೂ 1961ರ ಕಾಯಿದೆಗಳ ಕಟ್ಟಳೆಯಿದೆ. ಅಂಥ ಮನೆಯ ಮಗನೋ ಮಗಳೋ ಕೇರಿಗೆ ಹೋಗಿ ಬಡ್ಡಿಯ ನಿಜವಾದ ದರವನ್ನು ಕಂಡುಹಿಡಿಯುವ ಕ್ರಮವನ್ನು ಕಲಿಸಿದರೆ, ನಾಳೆ ಅದೇ ಲೆಕ್ಕವನ್ನು ಹಿಡಿದುಕೊಂಡು ಗಿರಾಕಿ ತಂದೆಯ ಅಂಗಡಿಗೆ ಬರುತ್ತಾನೆ. ಆಗ ತಂದೆ ಏನು ಹೇಳಬೇಕು? ಶಾಸ್ತ್ರವು ಇದಕ್ಕೆ ಉತ್ತರವನ್ನು ಮೊದಲೇ ಕೊಟ್ಟಿದೆ. ನ್ಯಾಸಾಪಹಾರದ ದೋಷಕ್ಕೆ ಅಂಜುವ ವರ್ತಕನು ಲೆಕ್ಕ ಬಲ್ಲ ಗಿರಾಕಿಗೆ ಅಂಜಬೇಕಾಗಿಲ್ಲ. ಗಿರಾಕಿ ಅರಿತರೆ ಕುಗ್ಗುವಂಥ ಲಾಭವು ಎಂದೂ ಧರ್ಮಲಾಭವಾಗಿರಲಿಲ್ಲ. ಅಂಥದನ್ನು ಕಳೆದುಕೊಳ್ಳುವುದೇ ಪರಿಗ್ರಹಪರಿಮಾಣ ವ್ರತದ ಅಭ್ಯಾಸಕ್ಕೆ ಒಳ್ಳೆಯ ಆರಂಭ. ಮಕ್ಕಳನ್ನು ಸೇವೆಗೆ ಕಳುಹಿಸುವ ಮೊದಲು ಹಿರಿಯರು ತಮ್ಮ ಅಂಗಡಿಯ ಪುಸ್ತಕವನ್ನು ಒಮ್ಮೆ ತೆರೆದು ನೋಡಿಕೊಳ್ಳುವುದು ಯುಕ್ತ.

ಬಸದಿಗಳ ಆಡಳಿತ ಮಂಡಳಿಗಳ ಕರ್ತವ್ಯ

ಪ್ರವಚನ ಮಂದಿರಗಳು ವರ್ಷದ ಬಹುಪಾಲು ದಿನ ಬರಿದಾಗಿರುತ್ತವೆ. ವಾರದಲ್ಲಿ ಒಂದು ಸಂಜೆ ಅವುಗಳನ್ನು ಇಂಥ ತರಗತಿಗಳಿಗೆ ಬಿಟ್ಟುಕೊಡಬಹುದು; ಜಾತಿ ಮತಗಳನ್ನು ಕೇಳದೆ ಎಲ್ಲರನ್ನೂ ಬರಮಾಡಿಕೊಳ್ಳಬಹುದು. ಸಂಜೆಯ ಹೊತ್ತು ಹೊರಗೆ ಬರಲಾಗದ ತಾಯಂದಿರಿಗಾಗಿ ವಿದ್ಯಾರ್ಥಿನಿಯರು ಕೇರಿಗೇ ಹೋಗಬೇಕಾಗುತ್ತದೆ. ಕಲಿಸತಕ್ಕ ವಿಷಯಗಳು ಹೆಚ್ಚಿಲ್ಲ: ದಿನದ ಜಮಾ ಖರ್ಚನ್ನು ಬರೆಯುವುದು, ಮನೆಯ ಹಣವನ್ನೂ ವ್ಯಾಪಾರದ ಹಣವನ್ನೂ ಬೇರೆಯಿಡುವುದು, ತಯಾರಿಸಿದ ವಸ್ತುವಿಗೆ ತನ್ನ ದುಡಿಮೆಯನ್ನೂ ಸೇರಿಸಿ ಬೆಲೆ ಕಟ್ಟುವುದು, ಸಾಲದ ಚೀಟಿಯನ್ನು ಓದುವುದು, ಓದದೆ ಸಹಿ ಹಾಕದಿರುವುದು. ಇಷ್ಟನ್ನು ಉದಾಹರಣೆಗಳೊಡನೆ ಹೇಳಿಕೊಡಲು ಪದವಿ ತರಗತಿಯ ವಿದ್ಯಾರ್ಥಿಗಳು ಸಮರ್ಥರು. ಸಾಲ ಕೊಡಿಸುವುದಾಗಲಿ, ಯಾವುದೇ ಸಂಸ್ಥೆಯ ಪರವಾಗಿ ಸದಸ್ಯರನ್ನು ಸೇರಿಸುವುದಾಗಲಿ ಅವರ ಕಾರ್ಯವಾಗಬಾರದು.

ಇದಕ್ಕೂ ಮೊದಲು ಆಗಬೇಕಾದ ಕಾರ್ಯವೊಂದಿದೆ. ಅಭಿಷೇಕದ ಕಲಶಗಳ ಸವಾಲಿನಿಂದ, ಹುಂಡಿಯಿಂದ, ದಾನಿಗಳಿಂದ ಬಂದ ಹಣದ ಆಯವ್ಯಯವನ್ನು ಪ್ರತಿ ವರ್ಷ ಬಸದಿಯ ಬಾಗಿಲಲ್ಲಿ, ಓದುಬರಹ ಬಲ್ಲ ಯಾರಿಗಾದರೂ ತಿಳಿಯುವಂತೆ ಪ್ರಕಟಿಸಬೇಕು. ಅದನ್ನೇ ತರಗತಿಯ ಮೊದಲ ಪಾಠವಾಗಿ ಇಡಬಹುದು. ಬುಕ್ಕರಾಯನ ಆ ಶಾಸನದಲ್ಲಿ ಮನೆಗೊಂದು ಹಣ, ಇಪ್ಪತ್ತು ಆಳು, ಮಿಕ್ಕದ್ದಕ್ಕೆ ಸುಣ್ಣ ಎಂದು ಸ್ಪಷ್ಟವಾಗಿ ಬರೆದಿಟ್ಟವರು ಜೈನರು ಮತ್ತು ವೈಷ್ಣವರು ಇಬ್ಬರೂ ಓದಲೆಂದೇ ಬರೆದಿಟ್ಟರು. ಮಾಗಡಿ ಸೀಮೆಯ ಆ ವರ್ತಕನು ಸಂಘನಾಯಕನೆನಿಸಿದ ಊರಿನ ನೆರೆಯಲ್ಲಿಯೇ ನಮ್ಮ ವಿದ್ಯಾರ್ಥಿಗಳು ಇಂದು ಲೆಕ್ಕ ಕಲಿಸಲು ಹೊರಟರೆ, ಅವರ ಕೈಯಲ್ಲಿ ಬಸದಿಯ ತೆರೆದ ಲೆಕ್ಕದ ಪುಸ್ತಕವೂ ಇರಲಿ.